ಎಂಜಲೆಲೆಯ ತಕ್ಕಡಿ

ನಾನೊಂದು ತೂಕದ ಯಂತ್ರ. ಮೊದಲೇ ಹೇಳಿಬಿಡುತ್ತೇನೆ, ನಾನು ತೂಗಿದ್ದು ಎಂಜಲನ್ನು. ಮೂಗು ಮುರಿಯುವವರು ಈಗಲೇ ಮುರಿದುಬಿಡಿ, ನನಗೇನೂ ಬೇಜಾರಿಲ್ಲ. ಆರು ವರ್ಷ ತುಮಕೂರಿನ ಒಂದು ಕಲ್ಯಾಣ ಮಂಟಪದಲ್ಲಿ ಜನ ಉಂಡು ಬಿಟ್ಟ ಎಲೆಗಳನ್ನು ಹೊತ್ತಿದ್ದೇನೆ. ಪಾಯಸ ನನ್ನ ಮೈಮೇಲೆ ಹರಿದಿದೆ, ಸಾಂಬಾರಿನ ನುಗ್ಗೆಕಾಯಿ ನನ್ನ ಸಂದಿಗೊಂದಿಗಳಲ್ಲಿ ಸಿಕ್ಕಿಕೊಂಡು ಒಣಗಿದೆ. ಆದರೂ ನನ್ನಷ್ಟು ದೊಡ್ಡ ಕೆಲಸ ಮಾಡಿದ ತಕ್ಕಡಿ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಯಾಕೆಂದರೆ ಉಳಿದವರಿಗೆ ಪುರುಸೊತ್ತಿಲ್ಲ.

ನಾನು ಒಂದೇ ಏಟಿಗೆ ಹುಟ್ಟಲಿಲ್ಲ, ತುಂಡುತುಂಡಾಗಿ ಹುಟ್ಟಿದೆ. ನನ್ನ ಕಬ್ಬಿಣದ ಹಾಸು ಮಂಡಿಪೇಟೆಯ ಬೆಲ್ಲದ ಮಂಡಿಯೊಂದರಲ್ಲಿ ಬಹಳ ಕಾಲ ದುಡಿದು ಮೂಲೆ ಸೇರಿತ್ತು. ಕೆಂಪು ಅಂಕಿ ಹೊಳೆಯುವ ನನ್ನ ಬೋರ್ಡು ಯಾವುದೋ ನರ್ಸಿಂಗ್ ಹೋಮಿನಲ್ಲಿ ರೋಗಿಗಳ ಸರದಿ ಕರೆಯುತ್ತಿತ್ತಂತೆ. ಭಾರ ಅಳೆಯುವ ಬೆರಳುದ್ದದ ಉಕ್ಕಿನ ತುಂಡು ಮಾತ್ರ ಹೊಸದು, ಪಾರ್ಸೆಲ್ಲಿನಲ್ಲಿ ಬಂತು. ಇವಿಷ್ಟೂ ಒಂದಾದದ್ದು ಮಕ್ಬೂಲ್ ಸಾಹೇಬರ ತಕ್ಕಡಿ ರಿಪೇರಿ ಅಂಗಡಿಯಲ್ಲಿ. ಬೆಸುಗೆ ಹಾಕಿದವರು ಸಾಹೇಬರು, ಒಳಗೆ ಬುದ್ಧಿ ತುಂಬಿದವಳು ಅವರ ಮಗಳು ಜಬೀನಾ.

ಜಬೀನಾ ಇಂಜಿನಿಯರಿಂಗ್ ಓದಿ ಅಪ್ಪನ ಅಂಗಡಿಗೇ ಬಂದು ಕೂತಿದ್ದಳು. ಮನುಷ್ಯರ ಅಭ್ಯಾಸ ತಿದ್ದುವಂಥ ಯಂತ್ರ ಮಾಡಬೇಕೆಂಬ ಹುಚ್ಚು ಅವಳಿಗೆ. ಒಂದು ಸಂಗತಿಯನ್ನು ಸರಿಯಾದ ಹೊತ್ತಿಗೆ, ಸರಿಯಾದವರ ಕಣ್ಣೆದುರು ಇಟ್ಟರೆ ಸಾಕು, ಜನ ತಾವಾಗಿಯೇ ಬದಲಾಗುತ್ತಾರೆ ಎಂದು ಅವಳು ಪುಸ್ತಕದಲ್ಲಿ ಓದಿದ್ದಳು. ಗೆಳತಿಯೊಬ್ಬಳ ಮದುವೆಗೆ ಹೋದಾಗ ಊಟದ ಹಾಲಿನ ಹಿಂದೆ ಒಬ್ಬ ಹೆಂಗಸು ಎಂಜಲೆಲೆಗಳನ್ನು ಟಬ್ಬಿಗೆ ಒತ್ತುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಆ ಹೆಂಗಸಿನ ಕೈ ಮೊಣಕೈವರೆಗೆ ಅನ್ನದಲ್ಲಿ ಮುಳುಗಿತ್ತು. ಯಾರೂ ಬೆರಳು ಕೂಡ ತಾಗಿಸದ ಹೋಳಿಗೆಗಳು ಮೇಲೆ ತೇಲುತ್ತಿದ್ದವು. ಜಬೀನಾ ಅವತ್ತು ಊಟ ಮಾಡದೆ ಬಂದಳು, ಮರುದಿನವೇ ನನ್ನನ್ನು ಜೋಡಿಸಲು ಕೂತಳು.

ಜೋಡಿಸುವಾಗ ನನಗೊಂದು ಬಾಯಿಯನ್ನೂ ಇಟ್ಟಳು. ನಲವತ್ತು ಕೆಜಿ ದಾಟಿದ ಕೂಡಲೇ "ಅನ್ನ ದೇವರು, ದಯವಿಟ್ಟು ಚೆಲ್ಲಬೇಡಿ" ಎಂದು ನಾನು ಕೂಗಬೇಕು. ಮಕ್ಬೂಲ್ ಸಾಹೇಬರು ಕೇಳಿ ತಲೆ ಅಲ್ಲಾಡಿಸಿದರು.

"ಬೇಡ ಮಗಳೇ. ತಕ್ಕಡಿ ತೂಕ ಹೇಳ್ಬೇಕು, ಬುದ್ಧಿ ಹೇಳ್ಬಾರ್ದು."

"ಒಂದ್ಸಲ ನೋಡೋಣ ಇರಿ ಅಬ್ಬಾ," ಎಂದಳು ಅವಳು. ಓದಿದ ಮಕ್ಕಳು ಅಪ್ಪನ ಮಾತನ್ನು ಒಂದು ಪೆಟ್ಟು ತಿಂದ ಮೇಲೆಯೇ ಕೇಳುವುದು.

ನನ್ನನ್ನು ಮೊದಲು ಒಳಗೆ ಬಿಟ್ಟುಕೊಂಡವರು ವನಜಾಕ್ಷಮ್ಮ. ಗಂಡ ಕಟ್ಟಿಸಿದ್ದ ಕಲ್ಯಾಣ ಮಂಟಪವನ್ನು ಒಬ್ಬರೇ ನಡೆಸುತ್ತಿದ್ದ ಗಟ್ಟಿ ಹೆಂಗಸು. ಇಷ್ಟೊಂದು ಹಸಿಕಸ ನಮ್ಮಿಂದ ಎತ್ತೋಕಾಗಲ್ಲ ಎಂದು ಕಸದ ಗಾಡಿಯವರು ದಿನಾ ರಾಗ ಎಳೆಯುತ್ತಿದ್ದುದರಿಂದ, ಏನಾದರೂ ಮಾಡಿ ನೋಡು ಎಂದು ಜಬೀನಾಗೆ ಒಪ್ಪಿಗೆ ಕೊಟ್ಟರು. ಕೈ ತೊಳೆಯುವ ಜಾಗದ ಪಕ್ಕದಲ್ಲಿ ನನ್ನನ್ನು ಕೂರಿಸಿದರು. ನನ್ನ ಮೇಲೊಂದು ದೊಡ್ಡ ಟಬ್ಬು, ಗೋಡೆಯ ಮೇಲೆ ನೆಂಟರೆಲ್ಲರಿಗೂ ಕಾಣುವಂತೆ ನನ್ನ ಬೋರ್ಡು.

ಆ ಮಂಟಪದ ಅಡುಗೆಮನೆಯ ದೊರೆ ಪಂಚಾಕ್ಷರಯ್ಯನವರು. ಐವತ್ತೈದು ದಾಟಿದ ದೊಡ್ಡ ಮೈ, ಹೆಗಲ ಮೇಲೆ ಸದಾ ಒದ್ದೆ ಟವೆಲ್ಲು, ಹಣೆಯಲ್ಲಿ ಬೆವರಿಗೂ ಜಗ್ಗದ ವಿಭೂತಿ. ಎಲ್ಲರೂ ಅವರನ್ನು ಅಯ್ನೋರು ಎಂದೇ ಕರೆಯುತ್ತಿದ್ದರು. ಅವರ ಊಟದ ಹಾಲಿಗೆ ಒಂದು ಕಾನೂನಿತ್ತು. ಬಾಗಿಲು ಹಾಕಿಕೊಂಡು ನೂರೈವತ್ತು ಎಲೆಗಳಿಗೂ ಉಪ್ಪಿನಿಂದ ಹೋಳಿಗೆಯವರೆಗೆ ಹದಿನಾಲ್ಕು ಬಗೆ ಬಡಿಸಿ ಮುಗಿಸಬೇಕು. ಆಮೇಲೆ ಬಾಗಿಲು ತೆಗೆಯಬೇಕು. ಒಳನುಗ್ಗಿದವನಿಗೆ ಎಲೆಯ ಹಸಿರು ಕಾಣಕೂಡದು. ಆಮೇಲೆ ಅನ್ನದವನು ಬರುತ್ತಾನೆ, ಬೇಡ ಎಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಡಿಸುತ್ತಾನೆ. ಅದು ಅಯ್ನೋರ ಲೆಕ್ಕದಲ್ಲಿ ಉಪಚಾರ.

ಮೊದಲನೆಯ ಮದುವೆ. ಎರಡನೇ ಪಂಕ್ತಿ ಎದ್ದಾಗ ಟಬ್ಬು ನಲವತ್ತು ಕೆಜಿ ದಾಟಿತು, ನಾನು ಬಾಯಿಬಿಟ್ಟೆ. ಕೈ ತೊಳೆಯುತ್ತಿದ್ದ ಜರಿಪೇಟದ ಯಜಮಾನರೊಬ್ಬರು ತಿರುಗಿ ನೋಡಿದರು.

"ಏನ್ರೀ ಇದು? ಪತ್ರಿಕೆ ಕೊಟ್ಟು ಕರೆದು ಊಟ ಹಾಕಿ ಬೈತೀರಾ?"

ಐದು ನಿಮಿಷದಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ಕ್ಷಮೆ ಕೇಳುತ್ತಿದ್ದರು. ಜಬೀನಾ ಓಡಿಬಂದು ನನ್ನ ಬಾಯಿಯ ತಂತಿ ಕಿತ್ತಳು. ನನ್ನ ಮಾತಿನ ಆಯುಷ್ಯ ಅಷ್ಟಕ್ಕೇ ಮುಗಿಯಿತು. ನಿಜ ಹೇಳಬೇಕೆಂದರೆ ನನಗೂ ಹಾಯೆನಿಸಿತು. ಹಾಗೆ ಕೂಗುವಾಗ ನನಗೇ ಒಂಥರಾ ಮುಜುಗರವಾಗಿತ್ತು.

ಇನ್ನು ಅಂಕಿಯೊಂದೇ ಸಾಕು, ನೋಡಿ ನಾಚಿಕೊಳ್ಳುತ್ತಾರೆ ಎಂದು ಜಬೀನಾ ಅಂದುಕೊಂಡಳು. ಮುಂದಿನ ವಾರದ ಮದುವೆಯಲ್ಲಿ ಒಂಬೈನೂರು ಜನ ಉಂಡರು, ಕೊನೆಗೆ ನನ್ನ ಬೋರ್ಡಿನ ಮೇಲೆ ಇನ್ನೂರ ಹದಿನಾಲ್ಕು ಕೆಜಿ ಎಂದು ಕೆಂಪಗೆ ಬೆಳಗಿತು. ಹುಡುಗಿಯ ತಂದೆ ಬಂದು ನೋಡಿದರು. ಅವಳು ಬಾಗಿಲ ಮರೆಯಲ್ಲಿ ಉಸಿರು ಹಿಡಿದು ನಿಂತಿದ್ದಳು. ಆ ಪುಣ್ಯಾತ್ಮರು ಮೀಸೆ ತೀಡಿ, ಫೋಟೋದವನನ್ನು ಕರೆದು, ಬೀಗರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ನನ್ನ ಅಂಕಿಯ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು.

"ನೋಡಿ ಬೀಗ್ರೆ, ಚೆಲ್ಲಿದ್ದೇ ಇನ್ನೂರು ಕೆಜಿ ಅಂದ್ಮೇಲೆ ಉಂಡಿದ್ದು ಎಷ್ಟಿರ್ಬೇಕು!"

ಅದರ ಮುಂದಿನ ಮದುವೆಯವರು ಮೊದಲೇ ವಿಚಾರಿಸಿದರು, ಹೋದ ಸಲದವರದ್ದು ಎಷ್ಟಾಗಿತ್ತು ಅಂತ. ನಮ್ಮದು ಅದಕ್ಕಿಂತ ಕಮ್ಮಿಯಾಗಬಾರದು ಎಂದು ಅಯ್ನೋರಿಗೆ ತಾಕೀತು ಮಾಡಿದರು. ನಾನು ಚೆಲ್ಲುವುದನ್ನು ನಿಲ್ಲಿಸಲು ಹುಟ್ಟಿದ ಯಂತ್ರ, ಚೆಲ್ಲಾಟದ ಪಂದ್ಯಕ್ಕೆ ತೀರ್ಪುಗಾರನಾಗಿ ಕೂತಿದ್ದೆ. ನನ್ನ ಜೀವನದಲ್ಲಿ ತಲೆ ತಗ್ಗಿಸಿದ ದಿನಗಳೆಂದರೆ ಅವೇ.

ವನಜಾಕ್ಷಮ್ಮನ ತಾಳ್ಮೆ ಮುಗಿಯಿತು. ಅಡುಗೆಮನೆಗೇ ಬಂದು ಪಂಚಾಕ್ಷರಯ್ಯನವರ ಮುಂದೆ ನಿಂತರು. ಪಕ್ಕದಲ್ಲಿ ಜಬೀನಾ ಇದ್ದಳು.

"ಅಯ್ನೋರೆ, ನಾನು ಸುತ್ತಿಬಳಸಿ ಮಾತಾಡಲ್ಲ. ವೈಶಾಖ ಮುಗಿಯೋದ್ರೊಳಗೆ ಈ ಎಂಜಲು ಅರ್ಧಕ್ಕೆ ಇಳೀಬೇಕು. ಇಲ್ಲಾಂದ್ರೆ ಎಲೆ ಊಟ ತೆಗೆದು ಬಫೆ ಮಾಡಿಸ್ತೀನಿ. ಬೆಂಗ್ಳೂರ ಕಡೆ ಕೇಟರಿಂಗ್‌ನೋರು ಆಗ್ಲೇ ಬಂದು ಮಾತಾಡಿದಾರೆ."

ಪಂಚಾಕ್ಷರಯ್ಯನವರು ಸೌಟು ಕೆಳಗಿಟ್ಟರು. "ತಟ್ಟೆ ಹಿಡ್ಕೊಂಡು ಸಾಲಲ್ಲಿ ನಿಲ್ಲೋದಾ ಅಮ್ಮಾವ್ರೆ? ಮದುವೆ ಮನೇಲಿ?"

"ನಿಲ್ಲೋ ಕಾಲ ಬಂದ್ರೆ ನಿಲ್ಬೇಕು," ಎಂದು ಆಕೆ ಹೊರಟುಹೋದರು.

ಮೂವತ್ತು ವರ್ಷ ಆಳಿದ ಒಲೆ. ಅದರ ಜೊತೆಗೆ ಹನ್ನೆರಡು ಜನ ಬಡಿಸುವವರು, ಎಲೆ ಎತ್ತುವ ಆರು ಹೆಂಗಸರು. ಮಾಘ ಆಗಲೇ ಅರ್ಧ ಕಳೆದಿತ್ತು, ಕೈಯಲ್ಲಿದ್ದದ್ದು ಮೂರು ತಿಂಗಳು. ಪಂಚಾಕ್ಷರಯ್ಯನವರು ನನ್ನ ಕಡೆ ತಿರುಗಿ ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಮನೆಗೆ ಬೆಂಕಿಯಿಟ್ಟವನನ್ನು ನೋಡುವ ಹಾಗಿತ್ತು.

ಮರುದಿನ ಜಬೀನಾ ಅಂಕಿ ನೋಡುವುದನ್ನು ಬಿಟ್ಟು ಎಲೆಗಳನ್ನೇ ನೋಡಲು ಕೂತಳು. ಎಲೆ ಎತ್ತುವವರ ಪೈಕಿ ಹಿರಿಯಳು ಸಿದ್ಧಗಂಗಮ್ಮ, ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಜಬೀನಾ ಅವಳ ಪಕ್ಕ ಮುಕ್ಕಾಲಿ ಹಾಕಿಕೊಂಡು ಒಂದೊಂದೇ ಎಲೆ ಬಿಡಿಸಿ ಏನೇನು ಉಳಿದಿದೆ ಎಂದು ಬರೆದುಕೊಂಡಳು. ಹತ್ತು ಎಲೆ ಬಿಡಿಸುವಷ್ಟರಲ್ಲಿ ಸಿದ್ಧಗಂಗಮ್ಮ ನಕ್ಕಳು.

"ಇಷ್ಟೊಂದು ಕಷ್ಟ ಯಾಕವ್ವಾ? ನನ್ನ ಕೇಳಿದ್ರೆ ಹೇಳ್ತಿದ್ದೆ. ಜನ ಚೆಲ್ಲಲ್ಲ, ಬಡಿಸೋರೇ ಚೆಲ್ಲೋದು. ಮೂಲೇಲಿ ಹಾಕಿದ್ದು ಹಾಕ್ದಂಗೇ ಐತೆ ನೋಡು. ಹಿಂದ್ಗಡೆ ಕುರ್ಚಿ ಹಿಡ್ಕೊಂಡು ಇನ್ನೊಬ್ಬ ನಿಂತಿರ್ತಾನೆ, ಉಣ್ಣೋನು ಅದ್ನೆಲ್ಲ ಯಾವಾಗ ಉಂಡಾನು?"

ಜಬೀನಾ ಪೆನ್ನು ಮುಚ್ಚಿದಳು. ತಾನು ಇಷ್ಟು ದಿನ ತಪ್ಪು ಜನರಿಗೆ ನನ್ನ ಮುಖ ತೋರಿಸುತ್ತಿದ್ದೆ ಎಂದು ಅವಳಿಗೆ ಹೊಳೆಯಿತು. ಉಣ್ಣುವವನ ಕೈಯಲ್ಲಿ ಏನೂ ಇಲ್ಲ, ಸೌಟು ಇರುವುದು ಬಡಿಸುವವನ ಕೈಯಲ್ಲಿ. ಅವತ್ತೇ ನನ್ನ ಬೋರ್ಡನ್ನು ಕೈ ತೊಳೆಯುವ ಜಾಗದಿಂದ ಬಿಚ್ಚಿ, ಅಡುಗೆಮನೆಯ ಬಾಗಿಲ ಮೇಲೆ ಒಳಮುಖವಾಗಿ ಹಾಕಿದಳು. ಕೇಳಲಿಲ್ಲ, ಹೇಳಲಿಲ್ಲ, ಹಾಕಿಬಿಟ್ಟಳು. ಇದು ಅವಳ ಮೂರನೇ ತಪ್ಪು.

ಪಂಚಾಕ್ಷರಯ್ಯನವರು ಒಗ್ಗರಣೆ ಹಾಕುತ್ತಿದ್ದವರು ತಲೆಯೆತ್ತಿ ನೋಡಿದರು. ಹೆಗಲ ಮೇಲಿನ ಒದ್ದೆ ಟವೆಲ್ಲು ತೆಗೆದು ನನ್ನ ಬೋರ್ಡಿನ ಮೇಲೆ ಹರವಿ, ಮತ್ತೆ ಒಗ್ಗರಣೆಗೆ ತಿರುಗಿದರು. ಮೂರು ಮದುವೆ ನಾನು ಆ ಟವೆಲ್ಲಿನ ಕೆಳಗೆ ಇಂಗಿನ ವಾಸನೆ ಕುಡಿಯುತ್ತ ಕುರುಡಾಗಿ ಕಳೆದೆ. ಕೆಳಗೆ ತೂಕ ಬೀಳುತ್ತಿತ್ತು, ಮೇಲೆ ಅಂಕಿ ಏಳುತ್ತಿತ್ತು, ನೋಡುವ ಕಣ್ಣು ಒಂದೂ ಇರಲಿಲ್ಲ.

ಆಮೇಲೆ ಜಬೀನಾ ಮದುವೆಯಿಲ್ಲದ ಒಂದು ಬೆಳಗ್ಗೆ ನೋಡಿಕೊಂಡು ಬಂದಳು. ಪಂಚಾಕ್ಷರಯ್ಯನವರು ಬೇಳೆ ಆರಿಸುತ್ತ ಕೂತಿದ್ದರು. ಅವಳೂ ಕೆಳಗೆ ಕೂತು ಒಂದು ಮೊರ ಎಳೆದುಕೊಂಡಳು.

"ಅಯ್ನೋರೆ, ತಪ್ಪಾಯ್ತು. ನಿಮ್ಮನ್ನ ಕೇಳದೆ ಬೋರ್ಡು ಹಾಕ್ಬಾರ್ದಿತ್ತು."

ಅವರು ಒಂದು ಬೊಗಸೆ ಬೇಳೆ ಅವಳ ಮೊರಕ್ಕೆ ಸುರಿದರು.

"ನಿಂಗೊತ್ತಾ ಮಗಳೇ," ಎಂದರು. "ನಮ್ಮಪ್ಪನೂ ಅಡುಗೆಯೋನೇ. ಶಿರಾ ಕಡೆ ಒಂದು ಮದುವೆ. ಕೊನೇ ಪಂಕ್ತೀಲಿ ತೊಂಬತ್ತು ಜನ ಎಲೆ ಮುಂದೆ ಕೂತವ್ರೆ, ಒಳಗೆ ಅನ್ನ ಇಲ್ಲ. ನಂಗಾಗ ಇಪ್ಪತ್ತು. ಬರೀ ಎಲೆ ಮುಂದೆ ಕೂತಿದ್ದ ಜನ ಒಬ್ಬೊಬ್ರಾಗಿ ಎದ್ದೋಗೋದನ್ನ ನಾನೇ ನೋಡ್ದೆ. ಯಾರೂ ಬೈಲಿಲ್ಲ. ಅಪ್ಪ ಅವತ್ತು ಸೌಟು ಕೆಳಗಿಟ್ಟೋರು ಸಾಯೋವರ್ಗೂ ಮುಟ್ಲಿಲ್ಲ. ನಾನು ಸುರೀತೀನಿ ಅಂತೀಯಲ್ಲ, ಸುರೀತೀನಿ. ನನ್ನ ಪಂಕ್ತೀಲಿ ಇಲ್ಲ ಅನ್ನೋ ಮಾತು ಬರಬಾರ್ದು."

ಜಬೀನಾ ತಲೆ ತಗ್ಗಿಸಿ ಕೇಳಿದಳು. ಆಮೇಲೆ ಮೆಲ್ಲಗೆ ಅಂದಳು: "ನೀವು ಟವೆಲ್ಲು ಹಾಕೋಕೆ ಮುಂಚಿನ ಮದುವೇಲಿ ನೂರ ಎಂಬತ್ತು ಕೆಜಿ ಎಂಜಲು ಅಯ್ನೋರೆ."

"ಈ ಕೆಜಿ ಗಿಜಿ ನಂಗೆ ಹೇಳ್ಬೇಡ. ಕೆಜಿ ಲೆಕ್ಕದಲ್ಲಿ ತರಕಾರಿಯೋನು ಕೊಡ್ತಾನೆ. ಅಡುಗೆಯೋನ ಲೆಕ್ಕ ಎಲೆ. ಐನೂರು ಎಲೆ ಅಂದ್ರೆ ಅಕ್ಕಿ ಎಷ್ಟು, ಬೇಳೆ ಎಷ್ಟು, ಕಣ್ಣು ಮುಚ್ಕೊಂಡು ಹಾಕ್ತೀನಿ."

ಜಬೀನಾಳ ಕೈ ಮೊರದ ಮೇಲೆ ನಿಂತಿತು. ನನ್ನ ಅದೃಷ್ಟ ಖುಲಾಯಿಸಿದ್ದು ಆ ಕ್ಷಣದಲ್ಲಿ. ಅವಳು ಅವತ್ತು ನನ್ನ ಮುಂದೆ ಕೂತು, ಒಂದು ತುಂಬು ಊಟದ ತೂಕ ಹಿಡಿದು, ಬಾಳೆಲೆಯ ತೂಕ ಕಳೆದು, ನನ್ನ ಒಳಗಿನ ಲೆಕ್ಕವನ್ನೆಲ್ಲ ತಿರುಗಿಸಿ ಬರೆದಳು. ಇನ್ನು ಮುಂದೆ ನಾನು ಕೆಜಿ ಹೇಳುವ ಹಾಗಿಲ್ಲ. ಟಬ್ಬಿಗೆ ಬಿದ್ದ ಅನ್ನ ಎಷ್ಟು ಜನರ ಊಟವೋ ಅಷ್ಟು ಎಲೆ ಎಂದು ಹೇಳಬೇಕು. ಈ ಸಲ ಅಯ್ನೋರನ್ನು ಕೇಳಿ ಬೋರ್ಡು ಹಾಕಿದಳು. "ಹಾಕ್ಕೋ," ಎಂದರು ಅವರು. "ನೋಡ್ತೀನಿ ಅಂತ ಮಾತ್ರ ಹೇಳಲ್ಲ."

ಆದರೆ ನೋಡಿದರು. ಮುಂದಿನ ಮದುವೆಯ ಮೊದಲ ಪಂಕ್ತಿ ಎದ್ದಿತು, ಸಿದ್ಧಗಂಗಮ್ಮನ ಜೊತೆಯವರು ಟಬ್ಬು ತುಂಬಿಸಿದರು, ನಾನು ನಿಧಾನಕ್ಕೆ ಬೆಳಗಿದೆ: 33 ಎಲೆ. ಪಂಚಾಕ್ಷರಯ್ಯನವರು ಸಾರಿನ ಕೊಳಗ ಎತ್ತಲು ಬಗ್ಗಿದ್ದವರು ಹಾಗೆಯೇ ನಿಂತರು. ನೂರೈವತ್ತು ಜನ ಕೂತ ಪಂಕ್ತಿಯಲ್ಲಿ ಮೂವತ್ತಮೂರು ಊಟ ಟಬ್ಬಿಗೆ. ಎರಡನೇ ಪಂಕ್ತಿಗೆ 31, ಮೂರಕ್ಕೆ 34. ಎಷ್ಟು ಜನ ಉಣ್ಣದೆ ಎದ್ದುಹೋದ ಹಾಗಾಯಿತು ಎಂದು ಅವರು ಬೆರಳು ಮಡಿಸುತ್ತಿದ್ದುದನ್ನು ನಾನು ಮೇಲಿನಿಂದ ಕಂಡೆ. ಮೂರು ಪಂಕ್ತಿಗೆ ತೊಂಬತ್ತೆಂಟು. ಅಪ್ಪನ ಕಾಲದ ಆ ಪಂಕ್ತಿಗಿಂತ ಎಂಟು ಹೆಚ್ಚು. ಅವರ ಮುಖ ನೋಡಿ ನನಗೇ ಸಂಕಟವಾಯಿತು, ಆದರೆ ನನ್ನ ಕೆಲಸ ಸುಳ್ಳು ಹೇಳುವುದಲ್ಲ.

ಊಟ ಮುಗಿದ ಮೇಲೆ ಅವರು ಜಬೀನಾಗೆ ಫೋನ್ ಮಾಡಿಸಿದರು. "ಬಾರಮ್ಮ, ಏನು ಮಾಡೋದು ಹೇಳು."

ಜಬೀನಾ ಸುಲಭದ ದಾರಿ ಹೇಳಿದಳು: ಎಲೆ ತುಂಬಿಸುವ ಬದಲು ಬೇಕಾ ಎಂದು ಕೇಳಿ ಬಡಿಸಲಿ. ಪಂಚಾಕ್ಷರಯ್ಯನವರು ಹಣೆ ಚಚ್ಚಿಕೊಂಡರು. ಬಡಿಸುವ ಹನ್ನೆರಡು ಜನರನ್ನೂ ಕರೆದು ಸಾಲಾಗಿ ನಿಲ್ಲಿಸಿ, ಖಾಲಿ ಹಾಲಿನಲ್ಲಿ ತಾವೇ ಒಂದು ಎಲೆ ಹಾಕಿಕೊಂಡು ನೆಂಟನ ಹಾಗೆ ಕೂತರು. ಮೊದಲನೆಯವನು ಪಲ್ಯದ ಬಕೆಟ್ಟು ಹಿಡಿದು ಬಂದು, "ಬೇಕಾ ಅಯ್ನೋರೆ?" ಎಂದ.

"ಬೇಡ," ಎಂದರು ಇವರು. ಅವನು ಮುಂದೆ ಹೋದ.

"ನೋಡಿದ್ಯಾ ಮಗಳೇ? ನೆಂಟನ್ನ ಬೇಕಾ ಅಂತ ಕೇಳಿದ್ರೆ ಅವ್ನು ಹಸ್ಕೊಂಡಿದ್ರೂ ಬೇಡ ಅಂತಾನೆ. ಬೇಕು ಅನ್ನೋಕೆ ಯಾವನಿಗೆ ಬಾಯಿ ಬರುತ್ತೆ? ಮನೆಗೆ ಹೋಗಿ ಜಿಪುಣರ ಮದುವೆ ಅಂತಾನೆ." ಅವರು ಎರಡನೆಯವನನ್ನು ಕರೆದರು. "ಲೇ, ನೀನು ಬಾ. ಎಷ್ಟು ಹಾಕ್ಲಿ ಅಂತ ಕೇಳು. ಸೌಟು ಎತ್ತಿ ಹಿಡ್ಕೊಂಡು ಕೇಳು. ಹಾಕೋದಂತೂ ಗ್ಯಾರಂಟಿ ಅಂತ ಅವ್ನಿಗೆ ಗೊತ್ತಾಗ್ಬೇಕು. ಸ್ವಲ್ಪ ಅಂದ್ರೆ ಸ್ವಲ್ಪ ಹಾಕು. ಆದ್ರೆ ಮೂರು ಸಲ ಬಾ. ಮೂರು ಸಲ ಬರೋದು ಕಣೋ ಉಪಚಾರ."

ಜಬೀನಾ ಪುಸ್ತಕಗಳಲ್ಲಿ ಹುಡುಕಿದ್ದೆಲ್ಲ ಅಲ್ಲೇ ಇತ್ತು, ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿತ್ತು. ಅವಳು ಬಾಯಿ ತೆರೆದು ನೋಡುತ್ತಿದ್ದಳು. ನನಗೆ ಒಂದು ಮಾತು ಅರ್ಥವಾಯಿತು: ನಾನು ತೋರಿಸಬಲ್ಲೆ, ಅಷ್ಟೆ. ದಾರಿ ಹುಡುಕುವವರು ಮನುಷ್ಯರೇ. ಹಾಗೆಂದು ನನ್ನ ಪಾಲನ್ನು ನಾನು ಬಿಟ್ಟುಕೊಡುವುದಿಲ್ಲ, ತೋರಿಸದೆ ಇದ್ದಿದ್ದರೆ ಯಾರೂ ಹುಡುಕುತ್ತಿರಲಿಲ್ಲ.

ಕಾನೂನು ಮುರಿಯಿತು. ಉಪ್ಪು, ಕೋಸಂಬರಿ, ಪಲ್ಯ ಇಷ್ಟೇ ಮೊದಲು, ಉಳಿದದ್ದು ಜನ ಕೂತ ಮೇಲೆ. ಶುರುವಿನಲ್ಲಿ ಬಡಿಸುವವರಿಗೆ ನಾಲಿಗೆ ಹೊರಳಲಿಲ್ಲ. ಒಬ್ಬ ಸೋದರಮಾವ "ಎಲೆಯೇನು ಬೋಳು ಬೋಳು?" ಎಂದು ಗದ್ದಲವೆಬ್ಬಿಸಿದ. ಅಯ್ನೋರೇ ಹೊರಗೆ ಬಂದು ಅವನ ಪಕ್ಕ ನಿಂತು ಮೂರು ಸಲ, ನಾಲ್ಕು ಸಲ ಕೇಳಿ ಬಡಿಸಿ ಅವನ ಕೈಯಲ್ಲೇ ಸಾಕಪ್ಪಾ ಸಾಕು ಅನ್ನಿಸಿದರು. ವನಜಾಕ್ಷಮ್ಮ ಕೇಳಿದ್ದ ಅರ್ಧವೆಂದರೆ ಪಂಕ್ತಿಗೆ ಹದಿನಾರು ಎಲೆ. ಫಾಲ್ಗುಣದಲ್ಲಿ ನಾನು ಇಪ್ಪತ್ತೆರಡು ತೋರಿಸಿದೆ, ಚೈತ್ರದಲ್ಲಿ ಹದಿನೆಂಟು, ಒಂದು ಸಲ ಹದಿನಾಲ್ಕು, ಮತ್ತೆ ಇಪ್ಪತ್ತು. ಪ್ರತಿ ಪಂಕ್ತಿ ಎದ್ದಾಗಲೂ ಹನ್ನೆರಡು ಜನ ಬಕೆಟ್ಟು ಹಿಡಿದೇ ಓಡಿಬಂದು ನನ್ನ ಮುಖ ನೋಡುತ್ತಿದ್ದರು. ಇಳಿದಿದ್ದರೆ ಒಬ್ಬರ ಬೆನ್ನು ಒಬ್ಬರು ಗುದ್ದಿಕೊಳ್ಳುತ್ತಿದ್ದರು. ನನಗೆ ಅಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು.

ಗಡುವಿನ ಕೊನೆಯ ಮದುವೆ ವನಜಾಕ್ಷಮ್ಮನ ಕಿರಿಯ ಮಗಳದ್ದೇ. ಹಿಂದಿನ ದಿನ ಆಕೆ ಅಡುಗೆಮನೆಗೆ ಬಂದು ದನಿ ತಗ್ಗಿಸಿ ಹೇಳಿದರು:

"ಅಯ್ನೋರೆ, ನಮ್ಮನೆ ಮದುವೇಲಿ ಮಾತ್ರ ಕಮ್ಮಿ ಗಿಮ್ಮಿ ಬೇಡಿ. ಎಂಟುನೂರು ಜನ ಬರ್ತಾರೆ, ಸಾವಿರ ಎಲೆಗೆ ಮಾಡಿ."

"ಎಂಟುನೂರಕ್ಕೆ ಎಂಟುನೂರು ಮಾಡ್ತೀನಿ ಅಮ್ಮಾವ್ರೆ," ಎಂದರು ಪಂಚಾಕ್ಷರಯ್ಯನವರು. ಆಕೆ ಮುನಿಸಿಕೊಂಡೇ ಹೋದರು. ಬರುವ ಜನಕ್ಕಿಂತ ಹೆಚ್ಚು ಬೇಯಿಸಲು ಅಯ್ನೋರು ಒಪ್ಪದೆ ಇದ್ದದ್ದು ಮೂವತ್ತು ವರ್ಷದಲ್ಲಿ ಅದೇ ಮೊದಲು. ಆಕೆ ಹೋದ ಮೇಲೆ ನನ್ನ ಮುಂದೆ ಬಂದು ನಿಂತು, ಆರಿದ ಬೋರ್ಡನ್ನು ಟವೆಲ್ಲಿನಿಂದ ಒರೆಸಿದರು.

ಮರುದಿನ ಮೊದಲ ಪಂಕ್ತಿಗೆ ನಾನು 7 ತೋರಿಸಿದೆ. ಎರಡಕ್ಕೆ 5. ಮೂರಕ್ಕೆ 6. ನಾಲ್ಕು, ಐದಕ್ಕೆ ತಲಾ 4. ಹಾಲಿನಲ್ಲಿ ಏಳುನೂರ ಐವತ್ತು ಜನ ಉಂಡೆದ್ದಿದ್ದರು, ಇನ್ನು ಐವತ್ತು ಜನ ಅಂತ ಎಲ್ಲರೂ ಉಸಿರು ಬಿಡುತ್ತಿದ್ದರು. ಆಗ ಹೊರಗೆ ಎರಡು ಬಸ್ಸು ಬಂದು ನಿಂತವು. ಗಂಡಿನ ಊರಿನವರು. ಗುಬ್ಬಿಯ ಹತ್ತಿರ ಒಂದು ಬಸ್ಸು ಕೆಟ್ಟು, ಇನ್ನೊಂದು ಅದಕ್ಕೆ ಕಾದು, ಮುಹೂರ್ತವೂ ತಪ್ಪಿ, ಹೊಟ್ಟೆ ಹಸಿದು ಇಳಿದ ಎಪ್ಪತ್ತೈದು ಜನ. ಬರುತ್ತೇವೆಂದು ಮೊದಲೇ ಹೇಳದ ಅವರಲ್ಲಿ ಒಬ್ಬರನ್ನೂ ಎಂಟುನೂರರಲ್ಲಿ ಎಣಿಸಿರಲಿಲ್ಲ.

ವನಜಾಕ್ಷಮ್ಮ ರೇಷ್ಮೆ ಸೀರೆಯಲ್ಲೇ ಅಡುಗೆಮನೆಗೆ ಓಡಿಬಂದರು. "ಸಾವಿರ ಎಲೆಗೆ ಮಾಡಿ ಅಂದಿದ್ನಲ್ಲ ಅಯ್ನೋರೆ! ಬೀಗರ ಮುಂದೆ ನನ್ನ ಮಾನ ಕಳೀತಿದ್ದೀರಿ!"

ಪಂಚಾಕ್ಷರಯ್ಯನವರು ಕೊಪ್ಪರಿಗೆಯ ಅಂಚು ಹಿಡಿದುಕೊಂಡರು. ಹೊರಗೆ ಕುರ್ಚಿ ಎಳೆಯುವ ಸದ್ದು, ಜನ ಕೂರುತ್ತಿದ್ದರು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಏಳು, ಐದು, ಆರು, ನಾಲ್ಕು, ನಾಲ್ಕು ಎಂದು ಬೆರಳು ಮಡಿಸಿದರು.

"ಇಪ್ಪತ್ತಾರು," ಎಂದರು ತಮ್ಮಷ್ಟಕ್ಕೆ. "ಹಿಂದೆ ಆಗಿದ್ರೆ ನೂರ ಅರವತ್ತು. ಅಮ್ಮಾವ್ರೆ, ನಾನು ಎಂಟುನೂರು ಎಲೆ ಅಂತ ಬೇಯಿಸಿದ್ದು ಹಳೇ ಅಳತೇಲಿ. ಆ ಅಳತೇಲಿ ಚೆಲ್ಲೋದೂ ಸೇರ್ಕೊಂಡಿತ್ತು. ಚೆಲ್ಲಿಲ್ಲ ಅಂದ್ಮೇಲೆ ಅದೆಲ್ಲಿ ಹೋಗುತ್ತೆ? ಪಾತ್ರೇಲೇ ಇರ್ಬೇಕು."

ಮುಚ್ಚಳ ತೆಗೆದರು. ಅನ್ನ ಕೊಪ್ಪರಿಗೆಯ ಅರ್ಧಕ್ಕೆ ಸ್ವಲ್ಪ ಕೆಳಗಿತ್ತು. ಸಾರು, ಪಾಯಸ, ಹೋಳಿಗೆಯ ಬುಟ್ಟಿ, ಒಂದೊಂದಾಗಿ ತೆಗೆದು ನೋಡಿದರು. ಎಲ್ಲದರಲ್ಲೂ ಇತ್ತು. ಧಾರಾಳವಾಗಿ ಇರಲಿಲ್ಲ, ಆದರೆ ಇತ್ತು. ಅವರು ಸೌಟು ಎತ್ತಿಕೊಂಡು ಹೊರಟರು, ಬಾಗಿಲಲ್ಲಿ ನಿಂತು ಹಿಂದೆ ತಿರುಗಿದರು.

"ಸಿದ್ಧಗಂಗಮ್ಮ, ನೀವು ಆರೂ ಜನ ಕೈ ತೊಳ್ಕೊಂಡು ಬಂದು ಕೂತ್ಕೊಳ್ಳಿ. ಓಲಗದೋರು, ಡ್ರೈವರುಗಳು, ಎಲ್ರನ್ನೂ ಕರೀರಿ."

"ನಾವಾ ಸ್ವಾಮಿ? ನಾವು ಆಮ್ಯಾಕೆ ಹಿಂದ್ಗಡೆ ಉಂತೀವಿ."

"ಆಮೇಲೆ ಇಲ್ಲ. ಇದೇ ಕೊನೇ ಪಂಕ್ತಿ. ಇದ್ರಲ್ಲಿ ಎಲ್ರಿಗೂ ಆಗ್ಬೇಕು, ಇಲ್ಲಾ ಯಾರಿಗೂ ಬೇಡ."

ನೂರ ನಲವತ್ತೈದು ಜನ ಕೂತರು. ಆ ಪಂಕ್ತಿಯನ್ನು ಪಂಚಾಕ್ಷರಯ್ಯನವರೇ ಮುಂದೆ ನಿಂತು ಬಡಿಸಿದರು. ಎಷ್ಟು ಹಾಕ್ಲಿ, ಎಷ್ಟು ಹಾಕ್ಲಿ ಎಂದು ಅವರ ದಪ್ಪ ದನಿ ಹಾಲಿನ ಆ ತುದಿಯಿಂದ ಈ ತುದಿಗೆ ನಡೆದು ಬರುತ್ತಿತ್ತು. ಬಸ್ಸಿನವರು ಹಸಿದ ಹೊಟ್ಟೆಯಲ್ಲಿ ಧಾರಾಳವಾಗಿಯೇ ಕೇಳಿದರು, ಕೇಳಿದಷ್ಟೂ ಹಾಕಿದರು. ಕೊನೆಯ ಸಾಲಿನ ಕೊನೆಗೆ ಸಿದ್ಧಗಂಗಮ್ಮ ಸೆರಗು ಹೊದ್ದು ಮುದುರಿ ಕೂತಿದ್ದಳು.

"ಎಷ್ಟು ಹಾಕ್ಲಿ?"

ಸಿದ್ಧಗಂಗಮ್ಮ ಮುಖ ಮೇಲೆತ್ತಿದಳು. ಹತ್ತೊಂಬತ್ತು ವರ್ಷ ಆ ಮಂಟಪದಲ್ಲಿ ಉಂಡಿದ್ದಳು, ತಣ್ಣಗಾಗಿ ಉಳಿದದ್ದನ್ನು. ಅವಳನ್ನು ಈ ಮಾತು ಕೇಳಿದವರು ಯಾರೂ ಇರಲಿಲ್ಲ.

"ನಿಮ್ಮಿಷ್ಟ ಸ್ವಾಮಿ."

"ನನ್ನಿಷ್ಟ ಅಲ್ಲ ತಾಯಿ. ಹೊಟ್ಟೆ ನಿಂದು, ನೀನೇ ಹೇಳು."

ಅವಳು ಎಲೆಯನ್ನೇ ನೋಡಿದಳು. "ಎರಡು ಸೌಟು," ಎಂದಳು. ಒಂದು ಗಳಿಗೆ ಬಿಟ್ಟು, "ಇನ್ನೊಂದು," ಎಂದಳು. ಅನ್ನದಿಂದ ಹಬೆ ಏಳುತ್ತಿತ್ತು. ಅವಳು ಕಣ್ಣೊರೆಸಿಕೊಂಡು ಕಲಸಿಕೊಂಡಳು. ಹಾಲಿನ ಬಾಗಿಲಲ್ಲಿ ವನಜಾಕ್ಷಮ್ಮ ನಿಂತು ನೋಡುತ್ತಿದ್ದರು.

ಅವತ್ತು ಎಲೆ ಎತ್ತಿದವರು ಬಡಿಸಿದವರೇ. ನಾನು 2 ತೋರಿಸಿದೆ. ವನಜಾಕ್ಷಮ್ಮ ನನ್ನನ್ನು ನೋಡಿ, ಅಯ್ನೋರನ್ನು ನೋಡಿ, "ಕೇಟರಿಂಗ್‌ನೋರಿಗೆ ಬರ್ಬೇಡಿ ಅಂತ ಹೇಳಿಬಿಡ್ತೀನಿ," ಎಂದಷ್ಟೇ ಹೇಳಿ ಬೀಗರನ್ನು ಬೀಳ್ಕೊಡಲು ಹೋದರು. ಪಂಚಾಕ್ಷರಯ್ಯನವರು ಬಡಿಸಿದವರ ಜೊತೆ ಖಾಲಿ ಕೊಪ್ಪರಿಗೆಯ ಪಕ್ಕ ಕೂತು ಮೊಸರನ್ನ ತಿಂದರು. ಅಷ್ಟೇ ಉಳಿದಿತ್ತು. ಅಷ್ಟು ರುಚಿಯಾಗಿ ಉಂಡ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಆಮೇಲೆ ಕಾಲ ಸುಖವಾಗಿ ಕಳೆಯಿತು. ಆ ಮಂಟಪದ ಊಟಕ್ಕೆ ಹೆಸರು ಬಂತು, ಅಲ್ಲಿ ಕೇಳಿ ಬಡಿಸುತ್ತಾರಂತೆ ಎಂದು ಜನ ಹೊಗಳಿದರು. ಜಬೀನಾ ನನ್ನಂಥವು ಇನ್ನೂ ಏಳೆಂಟು ಮಾಡಿ ಬೇರೆ ಮಂಟಪಗಳಿಗೆ, ಹಾಸ್ಟೆಲುಗಳಿಗೆ ಕೊಟ್ಟಳು. ಯಾವುದಕ್ಕೂ ಬಾಯಿ ಇಡಲಿಲ್ಲ. ಕೊಡುವ ಮೊದಲು ಅಲ್ಲಿಯ ಅಡುಗೆಯವರ ಪಕ್ಕ ಕೂತು ಎರಡು ದಿನ ತರಕಾರಿ ಹೆಚ್ಚುತ್ತಿದ್ದಳು. ಮಂಟಪದಲ್ಲಿ ಬಡಿಸುವವರು ನನ್ನ ಮುಖ ನೋಡಲು ಓಡಿಬರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಕೇಳುವುದು ಅವರ ನಾಲಿಗೆಗೆ ರೂಢಿಯಾಗಿತ್ತು.

ಆರನೆಯ ವರ್ಷ ಪಂಚಾಕ್ಷರಯ್ಯನವರು ಒಂದು ದಿನ ಆಟೋದಲ್ಲಿ ನನ್ನನ್ನು ಹೇರಿಕೊಂಡು ತಾವೇ ಅಂಗಡಿಗೆ ಬಂದರು.

"ಕೆಟ್ಟೋಗಿದೆ ಸಾಹೇಬ್ರೇ. ಒಂದು ತಿಂಗಳಿಂದ ಸೊನ್ನೆ ಬಿಟ್ಟು ಬೇರೇನೂ ತೋರಿಸ್ತಾ ಇಲ್ಲ."

ಮಕ್ಬೂಲ್ ಸಾಹೇಬರಿಗೆ ಆಗ ಕಣ್ಣು ಮಂದವಾಗಿತ್ತು. ತಡವರಿಸಿಕೊಂಡು ಸರ್ಕಾರಿ ಮುದ್ರೆಯ ತೂಕದ ಬಟ್ಟುಗಳನ್ನು ತೆಗೆದು ನನ್ನ ಮೇಲೆ ಒಂದೊಂದಾಗಿ ಇಟ್ಟರು. ಜಬೀನಾ ನನ್ನನ್ನು ಹಳೆಯ ಕೆಜಿ ಲೆಕ್ಕಕ್ಕೆ ತಿರುಗಿಸಿ ಅಂಕಿ ಓದಿ ಹೇಳಿದಳು. ಇಪ್ಪತ್ತು ಇಟ್ಟರೆ ಇಪ್ಪತ್ತು, ಐದು ಇಟ್ಟರೆ ಐದು, ಅರ್ಧ ಇಟ್ಟರೆ ಅರ್ಧ. ಸಾಹೇಬರು ನನ್ನ ಹಾಸಿನ ಮೇಲೆ ಕೈಯಾಡಿಸಿ ನಕ್ಕರು.

"ಇದಕ್ಕೇನೂ ಆಗಿಲ್ಲ ಅಯ್ನೋರೆ. ತೂಗೋಕೆ ಏನೂ ಬರ್ತಾ ಇಲ್ಲ, ಅಷ್ಟೆ."

ಪಂಚಾಕ್ಷರಯ್ಯನವರು ಅರ್ಧ ಕೆಜಿಯ ಬಟ್ಟನ್ನು ತಾವೇ ಇನ್ನೊಮ್ಮೆ ನನ್ನ ಮೇಲಿಟ್ಟು ನೋಡಿದರು. ಆಮೇಲೆ ನನ್ನನ್ನು ಅಲ್ಲೇ ಬಿಟ್ಟು, ಬರಿಗೈಯಲ್ಲಿ, ಎದೆಯುಬ್ಬಿಸಿಕೊಂಡು ನಡೆದೇ ಮಂಟಪಕ್ಕೆ ಹೋದರು.

ಈಗ ನಾನು ಅಂಗಡಿಯ ಒಳಮೂಲೆಯಲ್ಲಿದ್ದೇನೆ. ರಿಪೇರಿಗೆ ಬರುವ ತಕ್ಕಡಿಗಳು ನನ್ನ ಪಕ್ಕ ಕೂತು ತಾವು ತೂಗಿದ ಅಡಿಕೆ, ಕೊಬ್ಬರಿ, ಬೆಳ್ಳಿಯ ಟನ್ನು ಕ್ವಿಂಟಾಲುಗಳ ಜಂಭ ಕೊಚ್ಚುತ್ತವೆ. ನಾನು ಎಲ್ಲವನ್ನೂ ಕೇಳಿಸಿಕೊಳ್ಳುತ್ತೇನೆ. ನನಗೆ ಹೇಳಿಕೊಳ್ಳಲು ಇರುವುದು ಒಂದು ಸೊನ್ನೆ. ಅದನ್ನು ಸಂಪಾದಿಸಲು ಮುನ್ನೂರು ಮದುವೆ ಹಿಡಿಯಿತು.